ಅರವತ್ತಮೂರನೆಯ ಗಿಡದ ಬೇರು ಕೇಳಿದ ನಿರ್ದೇಶಕರಿಗೆ

ಮಾನ್ಯ ಸಸ್ಯ ಆರೋಗ್ಯ ನಿರ್ದೇಶಕರೇ,

ನೀವು ನಮ್ಮ ಅರವತ್ತಮೂರನೆಯ ಗಿಡವನ್ನು ಕೊಂದಿರಿ. ಆ ಕೊಲೆಯ ದಾರಿಯಲ್ಲಿ ಒಬ್ಬ ಟ್ರ್ಯಾಕ್ಟರ್ ಚಾಲಕನ ಎರಡು ಬೆರಳು ಹೋದವು, ನನ್ನ ತಮ್ಮನ ದವಡೆ ಮುರಿಯಿತು, ನನ್ನ ತಲೆಯಿಂದ ಒಂದು ಹಿಡಿ ಕೂದಲು ಕಿತ್ತುಬಂತು. ಈಗ ಉಳಿದ ಬೇರಿನ ತುಂಡುಗಳನ್ನೂ ಹದಿನೈದು ದಿನದೊಳಗೆ ತಂದೊಪ್ಪಿಸಬೇಕೆಂದು ನೋಟೀಸು ಕಳಿಸಿದ್ದೀರಿ. ತಂದೊಪ್ಪಿಸುವುದಿಲ್ಲ. ಯಾಕೆಂದು ಕಚೇರಿಯ ಕಿಟಕಿಯಲ್ಲಿ ನಿಂತು ಹೇಳಿದರೆ ನಿಮಗೆ ಕೇಳಿಸುವುದಿಲ್ಲವಾದ್ದರಿಂದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ಯಾರೆಂದು ನಿಮಗೆ ಮರೆತಿರಬಹುದು. ನಿಮ್ಮ ಕೇಂದ್ರದಲ್ಲಿ ಇಪ್ಪತ್ತಾರು ವರ್ಷ ಕಸಿ ಕಟ್ಟಿದವಳು, ಬೇರು ತೊಳೆದವಳು, ಬೇರಿನ ಗಂಟು ಎಣಿಸಿದವಳು. ನೀವು ಬಂದು ಐದು ವರ್ಷವಾಯಿತು, ಐದು ವರ್ಷದಲ್ಲಿ ನನ್ನನ್ನು ಒಂದೇ ಸಲ ಮಾತಾಡಿಸಿದ್ದೀರಿ. ಆ ಮಾತಿಗೆ ಮುಂದೆ ಬರುತ್ತೇನೆ.

ಮುದುಕ ಶಿಕೊ ಎಂದು ನಾವು ಕರೆಯುವ ಈ ನದಿಯ ಎರಡೂ ದಡದಲ್ಲಿ, ಮುಳ್ಳುಕಾಡಿನ ನಡುವೆ ಕಾಲುವೆ ನೀರಿನಲ್ಲಿ ಸೀಬೆ ಬೆಳೆಯುವವರು ನಾವು. ಹದಿನೆಂಟು ವರ್ಷದ ಹಿಂದೆ ಬೇರುಗಂಟು ಹುಳು ಬಂತು. ಕಣ್ಣಿಗೆ ಕಾಣದ ಹುಳು. ಬೇರಿನೊಳಗೆ ಹೊಕ್ಕು ಕೂತು ಅದನ್ನು ಗಂಟುಗಂಟಾಗಿ ಊದಿಸುತ್ತದೆ. ಅದು ತೆರೆದಿಟ್ಟ ಬಾಗಿಲಲ್ಲಿ ಕೊಳೆರೋಗ ನುಗ್ಗುತ್ತದೆ. ಎಲೆ ಕೆಂಪಾಗಿ, ಅಂಚು ಸುಟ್ಟು, ಕಾಯಿ ಕಲ್ಲಾಗಿ, ನಾಲ್ಕು ತಿಂಗಳಲ್ಲಿ ಮರ ಸತ್ತಿರುತ್ತದೆ. ಆ ವರ್ಷ ನನ್ನ ತಮ್ಮ ಜುರಂದಿರ್ ತನ್ನ ಆರುನೂರು ಮರಗಳನ್ನು ತಾನೇ ಕಡಿದು ಸುಟ್ಟ. ಆಮೇಲೆ ಆ ಮಚ್ಚನ್ನು ಅವನ ಹೆಂಡತಿ ಮೂರು ತಿಂಗಳು ಹಿಟ್ಟಿನ ಡಬ್ಬದಲ್ಲಿ ಬಚ್ಚಿಟ್ಟಿದ್ದಳು, ಯಾಕೆಂದರೆ ಅವನು ಮುಂದೆ ಏನು ಕಡಿಯುತ್ತಾನೋ ಎಂಬ ಭಯ ಅವಳಿಗಿತ್ತು.

ಡಾಕ್ಟರ್ ಇಯೆದಾ ಎಂಬ ವಿಜ್ಞಾನಿ ಆಗ ಕೆಲಸ ಶುರು ಮಾಡಿದರು. ಔಷಧ ಹೊಡೆದು ಮಣ್ಣಿನ ಹುಳು ಕೊಲ್ಲುವುದು ಆಗದ ಮಾತು, ಹುಳುವಿರುವ ಮಣ್ಣಲ್ಲೇ ನಿಲ್ಲುವ ಅಡಿಸಸಿ ಬೇಕು, ಅದರ ಮೇಲೆ ನಮ್ಮ ಸೀಬೆಯನ್ನು ಕಸಿ ಕಟ್ಟಬೇಕು ಎಂದರು. ಕಾಡುಸೀಬೆಯ ಹೂವಿನ ಪುಡಿಯನ್ನು ನಾಡಸೀಬೆಯ ಹೂವಿಗೆ ಮುಟ್ಟಿಸಿ ಇನ್ನೂರ ಹನ್ನೆರಡು ಸಸಿ ಹುಟ್ಟಿಸಿದೆವು. ಕಣಿವೆಯಲ್ಲೇ ಅತ್ಯಂತ ಕೆಟ್ಟ ಮಣ್ಣು ಎಲ್ಲಿದೆಯೆಂದು ಹುಡುಕಿದರೆ ಅದು ಕೇಂದ್ರದ ಪ್ರಯೋಗ ತೋಟದಲ್ಲೇ ಇತ್ತು, ಅಲ್ಲೇ ನೆಟ್ಟೆವು. ಜೊತೆಗೆ ಹೋಲಿಕೆಗೆಂದು ಒಂದು ಸಾಲು ಶುದ್ಧ ಕಾಡುಸೀಬೆಯನ್ನೂ ಹಾಕಿದೆವು. ಮೊದಲ ಮೂರು ವರ್ಷದಲ್ಲಿ ನೂರೆಂಬತ್ತು ಸತ್ತವು. ಇಯೆದಾ ಒಂದೊಂದು ಸತ್ತಾಗಲೂ ಅದನ್ನು ಅಗೆಸಿ, ಬೇರು ಬಿಡಿಸಿ ನೋಡಿ, "ಹೋಗ್ಲಿ ಬಿಡೆ, ಇದಕ್ಕೆ ಎದೆಗಾರಿಕೆ ಇರ್ಲಿಲ್ಲ" ಎಂದು ಮುಂದಕ್ಕೆ ಹೋಗುತ್ತಿದ್ದರು. ಅರವತ್ತಮೂರನೆಯದು ಸಾಯಲಿಲ್ಲ.

ಗಮನವಿಟ್ಟು ಓದಿ, ಮಾನ್ಯರೇ. ನೀವು ಮಾಡಿದ ತಪ್ಪು ಇಲ್ಲಿದೆ. ಅರವತ್ತಮೂರರ ಬೇರಿನಲ್ಲಿ ಗಂಟಿತ್ತು. ನಾನೇ ತೊಳೆದೆ, ನಾನೇ ಕೆಂಪು ಬಣ್ಣದಲ್ಲಿ ಅದ್ದಿದೆ, ನಾನೇ ಮಸೂರದ ಕೆಳಗಿಟ್ಟು ಹುಳುವಿನ ಮೊಟ್ಟೆಗೊಂಚಲು ಎಣಿಸಿದೆ. ಸೊನ್ನೆಯಿಂದ ಐದರ ಅಳತೆಯಲ್ಲಿ ನಾಲ್ಕು ಬಂತು. ನಾಲ್ಕೆಂದರೆ ಬೇರೆ ಮರಕ್ಕೆ ಸಾವು. ಇದು ಮಾತ್ರ ಹುಳುವನ್ನು ಹೊಟ್ಟೆಯಲ್ಲಿ ಹೊತ್ತುಕೊಂಡೇ ಪಕ್ಕದಲ್ಲಿ ಹೊಸ ಬೇರು ಬಿಡುತ್ತಿತ್ತು, ಕೊಳೆರೋಗವನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ, ತನ್ನ ಮೇಲೆ ಕಟ್ಟಿದ ಸೀಬೆಗೆ ವರ್ಷಕ್ಕೆ ಎಂಬತ್ತು ಕಿಲೋ ಹಣ್ಣು ಕೊಡುತ್ತಿತ್ತು. ಗಂಟಿನ ಕಾರ್ಡಿನಲ್ಲಿ ನಾಲ್ಕೆಂದು ಬರೆಯುವಾಗ ಕೈ ತಡೆಯಿತು. "ಡಾಕ್ಟ್ರೇ, ಸೊನ್ನೆ ಅಂತ ಹಾಕ್ಲಾ? ಪಾಪ, ಒಳ್ಳೇ ಗಿಡ" ಅಂದೆ. ಇಯೆದಾ ನನ್ನ ಕಿವಿ ಹಿಂಡಿದರು. "ಕಂಡಿದ್ದು ಬರಿ ದೊರಲಿಸಿ. ಹುಳ ಇಲ್ದೆ ಇರೋ ಬೇರು ನನಗೆ ಬ್ಯಾಡ ಕಣೆ. ಹುಳ ತಿಂದ್ರೂ ಬದುಕೋ ಬೇರು ಬೇಕು." ನಾಲ್ಕೆಂದೇ ಬರೆದೆ. ಹಣ್ಣಿನ ತೂಕವನ್ನು ಬೇರೆ ಪುಸ್ತಕದಲ್ಲಿ ಬರೆದೆ. ಅವತ್ತು ಸುಳ್ಳು ಬರೆದಿದ್ದರೆ ಇವತ್ತು ಆ ಗಿಡ ಬದುಕಿರುತ್ತಿತ್ತು, ಈ ಮಾತು ನೆನೆದಾಗಲೆಲ್ಲ ನನ್ನ ಕೈಯನ್ನು ನಾನೇ ಕಚ್ಚಿಕೊಳ್ಳಬೇಕೆನಿಸುತ್ತದೆ.

ಇಯೆದಾ ತೀರಿಕೊಂಡರು, ನೀವು ಬಂದಿರಿ. ಗಂಟಿನ ಕಾರ್ಡು ತರಿಸಿದಿರಿ, ತೂಕದ ಪುಸ್ತಕ ತರಿಸಲಿಲ್ಲ. ಯಾವ ಸಾಲಿನ ಮುಂದೆ ಸೊನ್ನೆ ಇದೆಯೆಂದು ಬೆರಳಿಟ್ಟು ಹುಡುಕಿದಿರಿ. ಸೊನ್ನೆ ಇದ್ದದ್ದು ಆ ಶುದ್ಧ ಕಾಡುಸೀಬೆಯ ಸಾಲಿಗೆ ಮಾತ್ರ. "ಇದೇ ನಮ್ಮ ಅಡಿಸಸಿ! ಸ್ವಚ್ಛ ಬೇರು!" ಎಂದು ಘೋಷಿಸಿದಿರಿ. ಕಣಿವೆಯ ಸಣ್ಣ ರೈತರಿಗೆ ಮೂರು ಸಾವಿರ ಸಸಿ ಹಂಚಲು ಹೊರಟಿರಿ, ಕ್ಯಾಮೆರಾ ಕರೆಸಿದಿರಿ. ಆಗಲೇ ನಾನು ನಿಮ್ಮ ಕೋಣೆಗೆ ಬಂದದ್ದು. ಬಾಗಿಲಲ್ಲೇ ನಿಂತು, "ಸಾರ್, ಕಾಡುಸೀಬೆ ಹುಳಾನ ಒಳಗೆ ಬಿಟ್ಕೊಳ್ಳಲ್ಲ, ನಿಜ. ನಮ್ ಸೀಬೇನೂ ಬಿಟ್ಕೊಳ್ಳಲ್ಲ. ಕಸಿ ಹಿಡಿದಂಗೆ ಕಾಣುತ್ತೆ, ಒಳಗೆ ಕೂಡಿರಲ್ಲ. ಭಾರ ಬಿದ್ದ ದಿನ ಮುರಿಯುತ್ತೆ" ಅಂದೆ. ಐದು ವರ್ಷದಲ್ಲಿ ನೀವು ನನ್ನೊಡನೆ ಆಡಿದ ಒಂದೇ ಮಾತು ಅವತ್ತಿನದು: "ನೀವು ಬೇರು ತೊಳೆಯೋರಲ್ವಾ? ತೊಳೀರಿ."

ತೊಳೆದೆ. ನಿಮ್ಮ ಮೂರು ಸಾವಿರ ಸಸಿಯಲ್ಲಿ ಐನೂರು ನನ್ನ ತಮ್ಮನ ಹೊಲಕ್ಕೆ ಹೋದವು. ಬೇಡವೆಂದು ನಾನು ಬಾಯಿ ಬಡಿದುಕೊಂಡೆ. ಅವನು, "ಸರ್ಕಾರದೋರು ಕೊಟ್ಟಿದ್ದು ಕಣಕ್ಕಾ, ನಿನಗೆ ಎಲ್ಲಾದಕ್ಕೂ ಅನುಮಾನ" ಎಂದು ನಕ್ಕು ನೆಟ್ಟ. ಎಲೆ ಹಸಿರಾಗಿ ಬಂತು. ಮೂರನೆಯ ವರ್ಷ ಕೊಂಬೆ ಬಾಗುವಷ್ಟು ಕಾಯಿ. ಕಳೆದ ಜುಲೈನಲ್ಲಿ ಒಂದು ಮಧ್ಯಾಹ್ನ ಗಾಳಿ ಎದ್ದಿತು. ವರ್ಷ ವರ್ಷವೂ ಬರುವ ಗಾಳಿ, ಚಂಡಮಾರುತವೇನಲ್ಲ. ನಾನು ಅವನ ಮನೆಯಲ್ಲಿ ಜೋಳದ ಹಿಟ್ಟು ಹಬೆಗಿಡುತ್ತಿದ್ದೆ. ಹೊರಗೆ ಗುಂಡು ಹಾರಿದ ಸದ್ದು. ಮತ್ತೊಂದು, ಮತ್ತೆರಡು, ಆಮೇಲೆ ಎಣಿಸಲಾಗಲಿಲ್ಲ. ಅವನ ಹೆಂಡತಿ ಮಕ್ಕಳನ್ನು ಮಂಚದ ಕೆಳಗೆ ತಳ್ಳಿದಳು, ಯಾರೋ ಜಮೀನಿಗಾಗಿ ಗುಂಡು ಹಾರಿಸುತ್ತಿದ್ದಾರೆಂದು. ಜುರಂದಿರ್ ಓಡಿಹೋಗಿ ನೋಡಿದ. ಮರಗಳು ಕಸಿ ಕಟ್ಟಿದ ಜಾಗದಲ್ಲೇ, ಚಾಕುವಿನಲ್ಲಿ ಕೊಯ್ದಷ್ಟು ನುಣ್ಣಗೆ, ಪಟಪಟನೆ ಮುರಿದು ಬೀಳುತ್ತಿದ್ದವು. ಕೆಳಗೆ ನಿಮ್ಮ ಸ್ವಚ್ಛ ಬೇರು ನೆಟ್ಟಗೆ ನಿಂತಿತ್ತು. ಮೇಲಿನ ಮರ ಹಣ್ಣಿನ ಸಮೇತ ಮಣ್ಣಿನಲ್ಲಿತ್ತು. ಅವನು ಮೊಣಕಾಲೂರಿ ಕೂತು ಹಸಿ ಕಾಯಿಗಳನ್ನು ಮುಷ್ಟಿಯಲ್ಲಿ ಜಜ್ಜುತ್ತಿದ್ದ, ಕೈಯಲ್ಲಿ ರಕ್ತ ಬರುವವರೆಗೂ ನಿಲ್ಲಿಸಲಿಲ್ಲ.

ಮರುದಿನ ಅವನು ಮುರಿದ ಮೂವತ್ತು ಮರಗಳನ್ನು ಗಾಡಿಯಲ್ಲಿ ತಂದು ನಿಮ್ಮ ಮೆಟ್ಟಿಲ ಮೇಲೆ ಸುರಿದ. ನೀವು ಹೊರಬಂದಿರಿ. ನೆನಪಿದೆಯೇ? "ಗಾಳಿಗೆ ನಾನು ಜವಾಬ್ದಾರನಲ್ಲ" ಎಂದಿರಿ. ಜುರಂದಿರ್, "ಗಾಳಿ ಬರಲ್ಲ ಅಂತ ಬರ್ಕೊಟ್ಟಿದ್ರಾ ಸಾಮಿ? ಹಣ್ಣೂ ಬಿಡಲ್ಲ ಅಂತ ಬರ್ಕೊಟ್ಟಿದ್ರಾ? ಸೀಬೆ ಗಿಡ ಹಣ್ಣು ಬಿಟ್ರೆ ಮುರೀತದೆ ಅಂದ್ರೆ ಅದನ್ನ ಯಾಕೆ ನೆಡ್ಸಿದ್ರಿ, ಬೇಲಿಗಾ?" ಅಂದ. ಗುಂಪು ನಕ್ಕಿತು. ನೀವು ನಗಲಿಲ್ಲ. ಅವನು ಒಂದು ಕಾಂಡವನ್ನೆತ್ತಿ ನಿಮ್ಮ ಗಾಜಿನ ಬಾಗಿಲಿಗೆ ಬೀಸಿದ, ಗಾಜು ಪುಡಿಯಾಯಿತು. ಅದು ತಪ್ಪು. ಗಾಜಿನ ಬೆಲೆ ನಾನು ಕಟ್ಟಿದ್ದೇನೆ, ರಸೀದಿ ನನ್ನ ಬಳಿಯಿದೆ. ಐನೂರು ಮರದ ಬೆಲೆಯ ರಸೀದಿ ಯಾರ ಬಳಿಯಿದೆ?

ಇದಾದ ಹನ್ನೆರಡನೆಯ ದಿನ ನಿಮ್ಮ ಆದೇಶ ಹೊರಬಿತ್ತು. ಪ್ರಯೋಗ ತೋಟದಲ್ಲಿ ಬೇರುಗಂಟು ಇರುವ ಎಲ್ಲ ಗಿಡಗಳನ್ನೂ "ಸಾರ್ವಜನಿಕ ಸಸ್ಯ ಆರೋಗ್ಯದ ಹಿತದೃಷ್ಟಿಯಿಂದ" ಕಿತ್ತು ಸುಡತಕ್ಕದ್ದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ಕೇಳಿದ್ದೆ. ಎತ್ತು ಸತ್ತಮೇಲೆ, ಗಟ್ಟಿಮುಟ್ಟಾಗಿರುವ ಎಮ್ಮೆಯನ್ನು ಹುಡುಕಿ ಕಡಿಯುವುದನ್ನು ನಿಮ್ಮಲ್ಲೇ ಕಂಡೆ. ಕಣಿವೆಯ ಯಾವ ಹಿಡಿ ಮಣ್ಣಿನಲ್ಲಿ ಆ ಹುಳುವಿಲ್ಲ, ತೋರಿಸಿ. ನಿಮ್ಮ ಮನೆಯ ಗುಲಾಬಿ ಕುಂಡದಲ್ಲಿದೆ, ನಾನೇ ಪರೀಕ್ಷಿಸಿ ಕಾರ್ಡು ಬರೆದಿದ್ದೇನೆ. ಒಂದು ಮರ ಸುಟ್ಟರೆ ಹುಳು ಹೋಗುತ್ತದೆಯೇ? ಅಥವಾ, ನೀವು ಹಂಚಿದ್ದಕ್ಕಿಂತ ಒಳ್ಳೆಯದು ನಿಮ್ಮ ಕಿಟಕಿಯ ಎದುರಿಗೇ ಒಂಬತ್ತು ವರ್ಷದಿಂದ ನಿಂತಿತ್ತು ಎಂಬುದಕ್ಕೆ ಇದ್ದ ಒಂದೇ ಸಾಕ್ಷಿ ಹೋಗುತ್ತದೆಯೇ?

ಆಗಸ್ಟ್ ಹನ್ನೊಂದರ ಬೆಳಗ್ಗೆ ಎಂಟಕ್ಕೆ ಎರಡು ಟ್ರ್ಯಾಕ್ಟರ್ ಬಂದವು, ನಡುವೆ ಕಾಡು ಸವರುವ ದಪ್ಪ ಕಬ್ಬಿಣದ ಸರಪಳಿ. ನಾನು ಅರವತ್ತಮೂರರ ಬುಡಕ್ಕೆ ಬೆನ್ನು ಕೊಟ್ಟು ಕೂತೆ. ನಿಮ್ಮ ಕಾವಲಿನವರು ಕೂದಲು ಹಿಡಿದು ಎಳೆದರು. ಐವತ್ತೆಂಟು ವರ್ಷದ ಹೆಂಗಸನ್ನು ಕಲ್ಲುನೆಲದಲ್ಲಿ ಎಳೆಯುವಾಗ ನೀವು ಬಿಳಿ ಕಾರಿನ ಗಾಜು ಏರಿಸಿಕೊಂಡು ಒಳಗೆ ಕೂತಿದ್ದಿರಿ. ಅದನ್ನು ಬೇಲಿಯಾಚೆಯಿಂದ ಜುರಂದಿರ್ ನೋಡಿದ. ಮಚ್ಚು ಹಿಡಿದು ಬೇಲಿ ಹಾರಿ ಕಾರಿನ ಕಡೆಗೆ ಓಡಿದ. ನಿಮ್ಮನ್ನು ಕಡಿಯಲಿಕ್ಕೋ, ಕಾರಿನ ಬಣ್ಣ ಕೆರೆಯಲಿಕ್ಕೋ, ನನಗೆ ಗೊತ್ತಿಲ್ಲ. ನಿಮ್ಮ ಕಾರು ಹಿಂದಕ್ಕೆ ಹೋಯಿತು. ಅಡ್ಡ ಬಂದದ್ದು ಮುಂದಿನ ಟ್ರ್ಯಾಕ್ಟರಿನ ಚಾಲಕ ಜಿನಾಲ್ದೊ. ನಮ್ಮಿಂದ ಮೂರನೆಯ ಮನೆಯವನು, ದಿನಗೂಲಿಯವನು. ಕೆಳಗೆ ಧುಮುಕಿ, "ಬ್ಯಾಡ ಕಣಣ್ಣೋ, ನಿನ್ ಮಕ್ಳ ಮುಖ ನೋಡು" ಎಂದು ಎರಡೂ ಕೈ ಚಾಚಿದ. ಬೀಸಿದ ಮಚ್ಚು ನಿಲ್ಲಲಿಲ್ಲ. ಎಡಗೈಯ ಎರಡು ಬೆರಳು ಮಣ್ಣಿಗೆ ಬಿದ್ದವು.

ಆ ಬೆರಳುಗಳಿಗೆ ಕ್ಷಮೆಯಿಲ್ಲ, ಮಾನ್ಯರೇ. ನನ್ನ ತಮ್ಮನಿಗೂ ಇಲ್ಲ, ನಿಮಗೂ ಇಲ್ಲ. ಅವನು ಮಚ್ಚು ಎಸೆದು ಜಿನಾಲ್ದೊನ ಕೈಯನ್ನು ತನ್ನ ಅಂಗಿಯಲ್ಲಿ ಸುತ್ತುತ್ತಿದ್ದ. ಕಾವಲಿನವರು ಬಂದೂಕಿನ ಹಿಂಬದಿಯಿಂದ ಅವನ ಮುಖಕ್ಕೆ ಹೊಡೆದದ್ದು ಆಗ. ಮಚ್ಚು ಕೈಯಲ್ಲಿದ್ದಾಗಲ್ಲ, ಬರಿಗೈಯಲ್ಲಿದ್ದಾಗ. ದವಡೆ ಮುರಿದ ಸದ್ದು ನನಗೆ ಕೇಳಿಸಿತು. ಬಿದ್ದವನಿಗೆ ಇನ್ನೂ ಏಳೆಂಟು ಏಟು. ಇಬ್ಬರನ್ನೂ ಸಾಗಿಸಿದ ಮೇಲೆ ನೀವು ಗಾಜು ಇಳಿಸಿ, ಇನ್ನೊಬ್ಬನನ್ನು ಹತ್ತಿಸಿ, ಕೆಲಸ ಮುಂದುವರಿಸಿ ಅಂದಿರಿ. ಸುತ್ತಲಿನ ಗಿಡಗಳು ಮೊದಲ ಎಳೆತಕ್ಕೇ ಬಂದವು. ಅರವತ್ತಮೂರಕ್ಕೆ ಸರಪಳಿ ಹಾಕಿದಾಗ ಸರಪಳಿಯ ಕೊಂಡಿ ಬಿಟ್ಟಿತು. ಎರಡನೆಯ ಸಲ ಟ್ರ್ಯಾಕ್ಟರಿನ ಮುಂದಿನ ಗಾಲಿ ನೆಲ ಬಿಟ್ಟು ಎದ್ದಿತು. ಮೂರನೆಯ ಸಲ ಕಾಂಡ ಸೀಳಿ ಮೇಲಿನದು ಕಿತ್ತುಬಂತು. ಡೀಸೆಲ್ ಸುರಿದು ಹಣ್ಣಿನ ಸಮೇತ ಸುಟ್ಟಿರಿ. ಬೆಂದ ಸೀಬೆಹಣ್ಣಿನ ಸಿಹಿ ವಾಸನೆಗೆ ನಾನು ಅಲ್ಲೇ ವಾಂತಿ ಮಾಡಿಕೊಂಡೆ.

ಜಿನಾಲ್ದೊನನ್ನು ನೋಡಲು ಮರುದಿನ ಆಸ್ಪತ್ರೆಗೆ ಹೋದೆ. ಯಾವ ಮುಖವಿಟ್ಟುಕೊಂಡು ಒಳಗೆ ಹೋಗಲಿ ಎಂದು ಬಾಗಿಲಲ್ಲೇ ನಿಂತಿದ್ದೆ. ಅವನ ಹೆಂಡತಿ ನನ್ನನ್ನು ಕಂಡು ಮುಖ ತಿರುಗಿಸಿದಳು, ಸರಿಯಾಗಿಯೇ ಮಾಡಿದಳು. ಅವನೇ ಕರೆದ. "ಬಾರಕ್ಕಾ, ಅಲ್ಲಿ ನಿಂತ್ಕೊಂಡು ಏನ್ ಎಣಿಸ್ತಿದ್ದೀಯ? ಎಂಟವೆ, ಲೆಕ್ಕ ಸರಿಯಾಗೈತೆ." ನನಗೆ ಅಳು ತಡೆಯಲಿಲ್ಲ. ಅವನು ದನಿ ತಗ್ಗಿಸಿ, "ಅಳೋದು ಆಮೇಲೆ ಅಳು. ಮೇಲಿಂದು ಸೀಳ್ಕೊಂಡು ಬಂತಂತೆ, ಬೇರು ಅಲ್ಲೇ ಐತಂತೆ. ಕಾಲುವೆ ಕಡೆ. ನಾಳಿದ್ದು ನೇಗ್ಲು ಹಾಕ್ತಾರೆ. ಅಷ್ಟ್ರಲ್ಲಿ ಹೋಗು" ಅಂದ. ಹೆಂಡತಿ, "ಇವನ ಬೆರಳು ತಿಂದಿದ್ದು ಸಾಲ್ದಾ ಆ ಗಿಡ?" ಎಂದು ಕಿರುಚಿದಳು. ಅವನು, "ತಿಂದಿದ್ದಕ್ಕೇ ಕಣೆ, ಉಳೀಲಿ. ಸುಮ್ನೆ ಹೋಯ್ತು ಅನ್ನಿಸ್ಕೊಬಾರ್ದು" ಅಂದ.

ಅದೇ ದಿನ ಮಧ್ಯಾಹ್ನ ಗೋಣಿಚೀಲ, ಗುದ್ದಲಿ ಹಿಡಿದು ಹೋದೆ. ನಿಮ್ಮ ಕಾವಲಿನವರು ಮರದಡಿ ಮೇಕೆಮಾಂಸ ಉಣ್ಣುತ್ತಿದ್ದರು. ಒಬ್ಬ ಕೂಗಿ ಕೇಳಿದ: "ಏನಜ್ಜೀ, ಸೌದೆನಾ?" ನಾನು, "ಹೂಂ ಕಣಪ್ಪಾ, ಒಲೆಗೆ" ಅಂದೆ. ಅವನು ಗುದ್ದಲಿಯನ್ನೂ ನೋಡಿದ, ನನ್ನನ್ನೂ ನೋಡಿದ, ಮತ್ತೆ ತಟ್ಟೆ ನೋಡಿದ. ಹೆಬ್ಬೆರಳು ಗಾತ್ರದ ಹದಿನಾಲ್ಕು ತುಂಡು ಸಿಕ್ಕಿತು.

ಗಂಟಿರುವ ಬೇರು ಹೊತ್ತು ಊರೆಲ್ಲ ಹುಳು ಹರಡಿದಳು ಎಂದು ನೋಟೀಸಿನಲ್ಲಿ ಬರೆಸಿದ್ದೀರಿ. ಇಪ್ಪತ್ತಾರು ವರ್ಷ ಈ ಕೆಲಸ ಮಾಡಿದವಳಿಗೆ ಅಷ್ಟೂ ತಿಳಿಯದೇ? ಸೀಬೆಯ ಬೇರನ್ನು ಮಣ್ಣಲ್ಲಿ ಮಲಗಿಸಿದರೆ ಚಿಗುರುತ್ತದೆ. ಚಿಗುರು ಗೇಣುದ್ದ ಬಂದಮೇಲೆ ಚಿಗುರನ್ನಷ್ಟೇ ಕತ್ತರಿಸಿ, ಬಾಣಲೆಯಲ್ಲಿ ಹುರಿದ ಮರಳಿಗೆ ಊರಿದೆ. ಹುಳು ಬೇರಿನಲ್ಲಿರುತ್ತದೆ, ಚಿಗುರಿನಲ್ಲಿರುವುದಿಲ್ಲ. ಗಂಟಿನ ಬೇರುಗಳನ್ನು, ತಾವು ಆದೇಶಿಸಿದಂತೆ, ನಾನೇ ನನ್ನ ಒಲೆಗೆ ಹಾಕಿ ಸುಟ್ಟೆ. ಕಾವಲಿನವನಿಗೆ ನಾನು ಹೇಳಿದ್ದು ಸುಳ್ಳಾಗಲಿಲ್ಲ. ಎರಡು ತಿಂಗಳಲ್ಲಿ ಮೂವತ್ತೊಂದು ಕುಂಡ ಬೇರು ಹಿಡಿದು ನಿಂತವು.

ಆಗ ನಿಮ್ಮ ವಕೀಲರು ನಮ್ಮ ಮನೆಗೆ ಬಂದರು. ಕುಂಡಗಳನ್ನು ಒಪ್ಪಿಸಿ, ಆ ಗಿಡ ರೋಗಪೀಡಿತವಾಗಿತ್ತೆಂದು ನಾನು ಸಹಿ ಹಾಕಿದರೆ, ಜುರಂದಿರ್‌ನ ಮೇಲಿನ ಕೊಲೆಯತ್ನದ ಆರೋಪ ಬರೀ ಗಾಯದ ಆರೋಪವಾಗುತ್ತದೆಯಂತೆ. ಹಬ್ಬಕ್ಕೆ ಮನೆಯಲ್ಲಿರುತ್ತಾನಂತೆ. ಇಲ್ಲವೆಂದರೆ ಎಂಟೋ ಹತ್ತೋ ವರ್ಷ. ಕಾಫಿ ಕುಡಿದು, ಚೆನ್ನಾಗಿದೆಯೆಂದು ಹೇಳಿ ಹೋದರು. ಮೂರು ದಿನ ನಾನು ಅನ್ನ ಮುಟ್ಟಲಿಲ್ಲ. ಅವನನ್ನು ಎತ್ತಿ ಆಡಿಸಿದ ಕೈ ಇದು. ನಮ್ಮವ್ವ ಸತ್ತಾಗ ಅವನಿಗೆ ನಾಲ್ಕು ವರ್ಷ. ಗಿಡ ಎಷ್ಟಾದರೂ ಗಿಡ. ಸಹಿ ಹಾಕಿಬಿಡುತ್ತೇನೆಂದು ತೀರ್ಮಾನಿಸಿ, ಅದನ್ನು ಅವನಿಗೆ ಹೇಳಲು ಸೆರೆಮನೆಗೆ ಹೋದೆ.

ದವಡೆಗೆ ತಂತಿ ಕಟ್ಟಿದ್ದಾರೆ, ಬಾಯಿ ತೆರೆಯಲಾಗುವುದಿಲ್ಲ. ನಾನು ಹೇಳಿದ್ದೆಲ್ಲ ಕೇಳಿದ. ಹಲ್ಲಿನ ಸಂದಿಯಿಂದ, "ಎಷ್ಟ್ ಕುಂಡ?" ಅಂದ. "ಮೂವತ್ತೊಂದು." "ಸಹಿ ಹಾಕಿದ್ರೆ, ಹೊರಗೆ ಬಂದು ಮೊದ್ಲು ನಿನ್ನೇ ಕಡಿತೀನಿ" ಅಂದ. ನಗಲು ಹೋಗಿ ನೋವಿಗೆ ಕಣ್ಣಲ್ಲಿ ನೀರು ತಂದುಕೊಂಡ. ಆಮೇಲೆ, "ನನ್ ಐನೂರು ಮುರಿದ್ವು. ಇನ್ನೊಬ್ಬಂದು ಮುರೀಬಾರ್ದು ಕಣಕ್ಕಾ. ಜಿನಾಲ್ದೊಗೆ ಏನಂತ ಹೇಳ್ಲಿ ನಾನು?" ಎಂದ. ನಾನು ಬಸ್ಸು ಹತ್ತಿ ಮನೆಗೆ ಬಂದೆ.

ನೀವು ರಾಜಧಾನಿಯವರು, ನಮ್ಮಲ್ಲಿನ ಒಂದು ನಂಬಿಕೆ ನಿಮಗೆ ಗೊತ್ತಿರಲಾರದು. ಕೇಳಿ ಪಡೆದ ಸಸಿ ಸೊರಗುತ್ತದೆ, ಕದ್ದು ತಂದ ಸಸಿ ಹಿಡಿಯುತ್ತದೆ ಎಂದು ಇಲ್ಲಿ ಎಲ್ಲರೂ ನಂಬುತ್ತಾರೆ. ಪಾದ್ರಿಯವರ ತೋಟದ ತುಳಸಿಯನ್ನೂ ಕದ್ದೇ ತರುತ್ತಾರೆ. ಅವರಿಗೂ ಗೊತ್ತು, ಅತ್ತ ನೋಡುತ್ತಿರುತ್ತಾರೆ. ಮರುದಿನ ನಾನು ಮೂವತ್ತೊಂದು ಕುಂಡಗಳನ್ನು ಬಿಸಿಲು ಕಾಯಲೆಂದು ಜಗುಲಿಯಲ್ಲಿಟ್ಟೆ. ಬೆಳಗ್ಗೆ ಹತ್ತಕ್ಕೆ ಎದುರುಮನೆಯವಳು ನೀರು ಕೇಳುತ್ತ ಬಂದಳು. ಬಗಲಲ್ಲಿ ದೊಡ್ಡ ಚೀಲ. "ದೊರಲಿಸಿ, ನೀರು ಬ್ಯಾಡ, ಕಾಫಿ ಕಾಯ್ಸು. ಒಳಗೋಗಿ ಕಾಯ್ಸು. ನಿಧಾನವಾಗ್ ಕಾಯ್ಸು" ಅಂದಳು. ನಿಧಾನವಾಗಿಯೇ ಕಾಯಿಸಿದೆ. ಆ ದಿನ ನಾನು ಇಪ್ಪತ್ತು ಸಲ ಕಾಫಿ ಕಾಯಿಸಿದೆ. ಕುಡಿಯಲು ಒಬ್ಬರೂ ಉಳಿದಿರಲಿಲ್ಲ. ಸಂಜೆಯ ಹೊತ್ತಿಗೆ ಒಂದೇ ಕುಂಡ ಇತ್ತು. ಜಿನಾಲ್ದೊನ ಹೆಂಡತಿ ಬಂದಳು. ನನ್ನ ಮುಖ ನೋಡಲಿಲ್ಲ, ನನ್ನನ್ನು ಒಳಗೆ ಹೋಗೆಂದೂ ಹೇಳಲಿಲ್ಲ. ನನ್ನ ಕಣ್ಣೆದುರಿಗೇ ಅದನ್ನೆತ್ತಿ ಸೊಂಟಕ್ಕಿಟ್ಟುಕೊಂಡು ಹೋದಳು.

ಹೀಗೆ ಮಾಡಿ ನನ್ನ ತಮ್ಮನನ್ನು ನಾನೇ ಒಳಗೆ ಕೂಡಿಹಾಕಿದೆ. ಇದನ್ನು ತಿಳಿದೇ ಮಾಡಿದೆ. ದಿನಾ ಸಾಯುತ್ತಿದ್ದೇನೆ.

ಈಗ ನನ್ನ ಬೇಡಿಕೆ. ನ್ಯಾಯಾಲಯಕ್ಕೆ ಬನ್ನಿ; ಗಾಜು ಏರಿಸಿದ ಕಾರಿನೊಳಗೆ ಕೂತಿದ್ದೆ, ನನ್ನ ಮೈಗೆ ಗೀರೂ ಆಗಲಿಲ್ಲ, ಬರಿಗೈಯವನ ದವಡೆಯನ್ನು ನನ್ನ ಜನ ಮುರಿದರು ಎಂದು ಪ್ರಮಾಣ ಮಾಡಿ ಹೇಳಿ. ಮಚ್ಚು ಬೀಸಿದ್ದಕ್ಕೆ ಎಷ್ಟು ಶಿಕ್ಷೆಯೋ ಅಷ್ಟನ್ನು ನನ್ನ ತಮ್ಮ ಅನುಭವಿಸಲಿ, ನಿಮ್ಮ ಹೆದರಿಕೆಯ ಶಿಕ್ಷೆಯನ್ನೂ ಅವನ ತಲೆಗೆ ಕಟ್ಟಬೇಡಿ. ಜಿನಾಲ್ದೊ ನಿಮ್ಮ ಕೆಲಸದಲ್ಲಿದ್ದಾಗ ಬೆರಳು ಕಳೆದುಕೊಂಡ, ಅವನ ಬದುಕಿಗೆ ನಿಮ್ಮ ಕಚೇರಿ ದಾರಿ ಮಾಡಲಿ. ಇನ್ನು ಮುಂದೆ ಯಾವ ಗಿಡದ ಮರಣದಂಡನೆಗೆ ಸಹಿ ಹಾಕುವ ಮೊದಲೂ ಹಣ್ಣಿನ ತೂಕದ ಪುಸ್ತಕವನ್ನು ತರಿಸಿ ಓದಿ. ಅದು ಎರಡನೆಯ ಕಪಾಟಿನಲ್ಲಿದೆ, ನೀವು ಸುಟ್ಟಿಲ್ಲದಿದ್ದರೆ.

ಕುಂಡಗಳನ್ನು ಯಾರಿಗೆ ಹಂಚಿದೆಯೆಂದು ಬರೆದುಕೊಡು ಎಂದಿದ್ದೀರಿ. ಯಾರಿಗೂ ಹಂಚಿಲ್ಲ. ಕಳುವಾಗಿವೆ. ಈ ಪತ್ರವನ್ನೇ ನನ್ನ ದೂರೆಂದು ದಾಖಲಿಸಿಕೊಳ್ಳಿ: ಮೂವತ್ತೊಂದು ಕುಂಡ, ಹಾಡಹಗಲು, ಯಾರ ಮೇಲೂ ಅನುಮಾನವಿಲ್ಲ. ಪೊಲೀಸರನ್ನು ಕಳಿಸಿ, ಮನೆಮನೆ ಹುಡುಕಿಸಿ. ಕಣಿವೆಯಲ್ಲಿ ಸೀಬೆ ಗಿಡವಿಲ್ಲದ ಹಿತ್ತಿಲಿಲ್ಲ, ಹುಳುವಿಲ್ಲದ ಬೇರೂ ಇಲ್ಲ. ಯಾವುದು ಅರವತ್ತಮೂರೆಂದು ತಿಳಿಯಲು ನೀವು ಐದು ವರ್ಷ ಕಾದು, ಬದುಕಿರುವುದು ಯಾವುದೆಂದು ನೋಡಬೇಕು.

ಇಂತಿ,
ಗಂಟನ್ನು ಸರಿಯಾಗಿ ಎಣಿಸಿದ್ದೇ ತಪ್ಪಾಗಿ, ತಮ್ಮ ಕಚೇರಿಯಿಂದ ಹೊರಬಿದ್ದ, ಬೇರು ತೊಳೆಯುವ
ದೊರಲಿಸಿ